ಕಲಬುರಗಿಯಿಂದ ಬೆಂಗಳೂರಿಗೆ: ವಿಮಾನವೋ, ವಂದೇ ಭಾರತವೋ, ರಾತ್ರಿ ರೈಲೋ?

ಕಲಬುರಗಿಯಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದವರಿಗೆ ಒಂದೇ ಪ್ರಶ್ನೆಗೆ ನಾಲ್ಕು ಉತ್ತರಗಳು ಸಿಗುತ್ತವೆ. ಒಂದು ಕಡೆ ಸುಮಾರು 460 ಕಿಲೋಮೀಟರ್ ಎಂದಿರುತ್ತದೆ, ಇನ್ನೊಂದು ಕಡೆ 490, ರೈಲಿನ ಪಟ್ಟಿಯಲ್ಲಿ 550ರ ಆಸುಪಾಸು, ರಸ್ತೆಯ ನಕಾಶೆಯಲ್ಲಿ 600ರ ಸುಮಾರು. ನಾಲ್ಕೂ ಸರಿಯೇ. ಮೊದಲನೆಯದು ಶ್ರೀನಿವಾಸ ಸರಡಗಿಯ ಬಳಿ ಇರುವ ಕಲಬುರಗಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರವಾಗಿ ಎಳೆದ ಗೆರೆ. ಎರಡನೆಯದು ಊರಿನ ನಡುವಿನಿಂದ ಊರಿನ ನಡುವಿಗೆ ಎಳೆದ ಗೆರೆ. ಇವೆರಡರ ನಡುವಿನ 30 ಕಿಲೋಮೀಟರ್ ವ್ಯತ್ಯಾಸ ಮುಖ್ಯವಾಗಿ ಬಂದಿರುವುದು ದೇವನಹಳ್ಳಿ ಬೆಂಗಳೂರಿಗಿಂತ ಉತ್ತರಕ್ಕೆ, ಅಂದರೆ ನಮ್ಮ ಕಡೆಗೇ ಇರುವುದರಿಂದ. ವಿಮಾನ ಹಾರದೆ ಉಳಿಸಿದ ಆ ದೂರವನ್ನು ಇಳಿದ ಮೇಲೆ ನಾವು ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಕ್ರಮಿಸಲೇಬೇಕಾಗುತ್ತದೆ.

ಆದ್ದರಿಂದ ಈ ನಾಲ್ಕರಲ್ಲಿ ಯಾವುದನ್ನು ನಂಬಬೇಕು ಎಂಬುದಕ್ಕಿಂತ, ನಮ್ಮ ಮನೆಯ ಬಾಗಿಲಿನಿಂದ ಹೊರಟು ಬೆಂಗಳೂರಿನಲ್ಲಿ ಕೆಲಸವಿರುವ ಬಾಗಿಲನ್ನು ತಲುಪಲು ಎಷ್ಟು ಹೊತ್ತು ಬೇಕು, ತಲುಪಿದ ಹೊತ್ತಿನಲ್ಲಿ ಆ ಬಾಗಿಲು ತೆರೆದಿರುತ್ತದೆಯೇ ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳವರಿಗೆ ಈ ಲೆಕ್ಕ ಬೇರೆಬೇರೆಯಾಗಿ ಬರುತ್ತದೆ. ಮೂರನ್ನೂ ಒಟ್ಟಿಗೆ ಸೇರಿಸಿ ವಿಮಾನ ಬೇಗ, ರೈಲು ತಡ ಎಂದು ಹೇಳಿಬಿಡುವುದು ಸರಿಯಲ್ಲ.

ಮೊದಲು ನೋಡಬೇಕಾದದ್ದು

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರಿನಲ್ಲಿ ವಾಯುಪಡೆಯ ನೆಲೆಗೆ ಹೊಂದಿಕೊಂಡ ನಾಗರಿಕ ನಿಲ್ದಾಣ 2020ರ ಫೆಬ್ರುವರಿ 7ರಂದು ಆರಂಭವಾಯಿತು. ಎರಡೂ ಕಡೆ ವಿಮಾನಗಳು ಬಂದದ್ದು ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಬಲದಿಂದ. ಈ ಯೋಜನೆಯಲ್ಲಿ ಒಂದು ಮಾರ್ಗದಲ್ಲಿ ಹಾರುವ ಕಂಪನಿಗೆ ಕೆಲವು ಸೀಟುಗಳನ್ನು ಕಡಿಮೆ ದರದಲ್ಲಿ ಮಾರಿದ್ದರಿಂದಾಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಮೂರು ವರ್ಷ ಮುಗಿದ ಮೇಲೆ ಆ ಮಾರ್ಗ ತನ್ನ ಕಾಲಮೇಲೆ ತಾನು ನಿಲ್ಲಬೇಕು. ಸಣ್ಣ ವಿಮಾನ, ಕಡಿಮೆ ಸೀಟು, ದುಬಾರಿ ಇಂಧನ ಇವುಗಳ ನಡುವೆ ಎಲ್ಲ ಮಾರ್ಗಗಳಿಗೂ ಅದು ಸಾಧ್ಯವಾಗುವುದಿಲ್ಲ. ಬೀದರಿನಲ್ಲಿ ಸೇವೆ ಆರಂಭವಾಗಿ, ನಿಂತು, ಮತ್ತೆ ಆರಂಭವಾದದ್ದು ಒಂದಕ್ಕಿಂತ ಹೆಚ್ಚು ಸಲ. ಕಲಬುರಗಿಗೂ ಕಂಪನಿಗಳು ಬಂದು ಹೋಗಿವೆ.

ಹಾಗಾಗಿ ವಿಮಾನದ ಲೆಕ್ಕ ಹಾಕುವ ಮೊದಲು ನೀವು ಹೋಗಬೇಕಾದ ದಿನಾಂಕಕ್ಕೆ ಟಿಕೆಟ್ ನಿಜವಾಗಿಯೂ ಮಾರಾಟದಲ್ಲಿದೆಯೇ ಎಂದು ವಿಮಾನ ಕಂಪನಿಯದೇ ಜಾಲತಾಣದಲ್ಲಿ ನೋಡಿಕೊಳ್ಳಿ. ದೂರ ಮತ್ತು ಹಾರಾಟದ ಹೊತ್ತನ್ನು ಹೇಳುವ ಜಾಲತಾಣಗಳು ಎರಡು ಬಿಂದುಗಳ ನಡುವಿನ ಗಣಿತವನ್ನಷ್ಟೇ ಮಾಡುತ್ತವೆ. ಆ ಎರಡು ಊರುಗಳ ನಡುವೆ ವಿಮಾನ ಹಾರುತ್ತಿದೆಯೇ ಇಲ್ಲವೇ ಎಂಬುದನ್ನು ಅವು ನೋಡುವುದಿಲ್ಲ. ಯಾದಗಿರಿಗೆ ವಿಮಾನ ನಿಲ್ದಾಣವೇ ಇಲ್ಲ, ಆದರೂ ಯಾದಗಿರಿಯಿಂದ ಬೆಂಗಳೂರಿಗೆ ಹಾರಾಟದ ಹೊತ್ತು ಎಷ್ಟು ಎಂದು ಕೇಳಿದರೆ ಅಂಥ ತಾಣಗಳು ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತವೆ. ಹುಡುಕುವಾಗ ಇನ್ನೊಂದು ವಿಷಯ ನೆನಪಿರಲಿ: ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಎಂದಾಗಿದ್ದರೂ ಕೆಲವು ತಾಣಗಳಲ್ಲಿ ಗುಲ್ಬರ್ಗ ಎಂದೇ ಉಳಿದಿದೆ. ವಿಮಾನಕ್ಕೆ ಕಲಬುರಗಿಯ ಸಂಕೇತ ಜಿ.ಬಿ.ಐ., ಬೀದರಿನದು ಐ.ಎಕ್ಸ್.ಎಕ್ಸ್.; ಹೆಸರು ಸಿಗದಿದ್ದರೆ ಸಂಕೇತ ಹಾಕಿ ಹುಡುಕಬಹುದು.

ಆಕಾಶದ ದೂರ ಮತ್ತು ಹಾರಾಟದ ಹೊತ್ತು

ನಮ್ಮ ಭಾಗದ ಭೂಗೋಳದಲ್ಲಿ ಲೆಕ್ಕವನ್ನು ಬಹಳ ಸುಲಭಗೊಳಿಸುವ ಒಂದು ಸಂಗತಿ ಇದೆ. ಕಲಬುರಗಿ, ಬೀದರ್, ಯಾದಗಿರಿ, ಬೆಂಗಳೂರು, ಅಷ್ಟೇ ಏಕೆ ದೆಹಲಿಯೂ ಸೇರಿ, ಎಲ್ಲವೂ 77 ಡಿಗ್ರಿ ಪೂರ್ವ ರೇಖಾಂಶದ ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ನಮ್ಮಿಂದ ಬೆಂಗಳೂರಿಗೆ ಹೋಗುವುದೆಂದರೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ ಹೋಗುವುದು. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. ಕಲಬುರಗಿ ನಿಲ್ದಾಣ 17.3 ಡಿಗ್ರಿಯಲ್ಲಿದೆ, ಕೆಂಪೇಗೌಡ ನಿಲ್ದಾಣ 13.2 ಡಿಗ್ರಿಯಲ್ಲಿದೆ, ಅಂತರ 4.1 ಡಿಗ್ರಿ, ಅಂದರೆ 455 ಕಿಲೋಮೀಟರ್. ಪೂರ್ವಕ್ಕೆ ಸ್ವಲ್ಪ ವಾಲಿರುವುದನ್ನು ಸೇರಿಸಿದರೆ 460 ದಾಟುತ್ತದೆ. ಬೀದರ್ ಇನ್ನೂ ಉತ್ತರಕ್ಕೆ, 17.9 ಡಿಗ್ರಿಯಲ್ಲಿರುವುದರಿಂದ ಅಲ್ಲಿಂದ ದೂರ ಸುಮಾರು 520 ಕಿಲೋಮೀಟರ್. ಶಾಲೆಯ ಮಕ್ಕಳೂ ಕಾಗದದ ಮೇಲೆ ಮಾಡಬಹುದಾದ ಈ ಲೆಕ್ಕ ಜಾಲತಾಣಗಳ ಉತ್ತರಕ್ಕೆ ಬಹಳ ಹತ್ತಿರ ಬರುತ್ತದೆ.

ಹೀಗೆ ಉತ್ತರ ದಕ್ಷಿಣವಾಗಿ ಹಾರುವುದರಿಂದ ಇನ್ನೊಂದು ಅನುಕೂಲವೂ ಉಂಟು. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಕಾಲದಲ್ಲಿ ಮುಂಬೈ–ಕೋಲ್ಕತ್ತದಂಥ ಮಾರ್ಗಗಳಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ನಮ್ಮ ಮಾರ್ಗದಲ್ಲಿ ಗಾಳಿ ಅಡ್ಡದಿಂದ ಬರುವುದರಿಂದ ಹೋಗುವಾಗ ಹಿಡಿದಷ್ಟೇ ಹೊತ್ತು ಬರುವಾಗಲೂ ಹಿಡಿಯುತ್ತದೆ.

ಇನ್ನು ಹಾರಾಟದ ಹೊತ್ತು. ಸಣ್ಣ ಊರುಗಳ ಮಾರ್ಗಗಳಲ್ಲಿ ಓಡುವ ವಿಮಾನಗಳು ಸಾಮಾನ್ಯವಾಗಿ ಎರಡು ಬಗೆ: ಎಂಬ್ರೇಯರ್ ಕಂಪನಿಯ 50 ಅಥವಾ 76 ಸೀಟಿನ ಜೆಟ್‌ಗಳು ಮತ್ತು ರೆಕ್ಕೆಗೆ ತಿರುಗುವ ಪಂಖವಿರುವ 70 ಸೀಟಿನ ಆಸುಪಾಸಿನ ಎ.ಟಿ.ಆರ್. 72. ಜೆಟ್ ಎತ್ತರಕ್ಕೇರಿದ ಮೇಲೆ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ, ಎ.ಟಿ.ಆರ್. 500ರ ಸುಮಾರಿನಲ್ಲಿ. ಬರೀ ಭಾಗಾಕಾರ ಮಾಡಿದರೆ 460 ಕಿಲೋಮೀಟರಿಗೆ ಜೆಟ್ಟಿಗೆ 35 ನಿಮಿಷ, ಎ.ಟಿ.ಆರ್.ಗೆ 55 ನಿಮಿಷ ಬರಬೇಕು. ಆದರೆ ಟಿಕೆಟ್ಟಿನಲ್ಲಿ ಜೆಟ್ಟಿಗೂ ಒಂದು ಗಂಟೆಗಿಂತ ಹೆಚ್ಚು ಬರೆದಿರುತ್ತದೆ, ಮತ್ತು ಟಿಕೆಟ್ಟಿನ ಅಂಕಿಯನ್ನೇ ನಂಬಬೇಕು. ಅದು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು ತಲುಪಿದ ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಪೂರ್ತಿ ಹೊತ್ತು. ರನ್‌ವೇವರೆಗೆ ನೆಲದ ಮೇಲೆ ಸಾಗುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ವಿಮಾನಗಳು ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರ್ ವೇಗವನ್ನು ಮೀರುವಂತಿಲ್ಲ. ಇಷ್ಟು ಚಿಕ್ಕ ಪ್ರಯಾಣದಲ್ಲಿ ಏರುವುದು ಮತ್ತು ಇಳಿಯುವುದೇ ಬಹುಪಾಲು, ಪೂರ್ಣ ವೇಗದಲ್ಲಿ ಹೋಗುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ಅದರ ಮೇಲೆ ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ ಪಶ್ಚಿಮವಾಗಿವೆ. ಉತ್ತರದಿಂದ ಬಂದ ವಿಮಾನ ಸುತ್ತಿ ತಿರುಗಿ ಸಾಲಿಗೆ ಸೇರಿಕೊಂಡು ಇಳಿಯಬೇಕು. ಈ ಕಾರಣಕ್ಕೇ ಕಡಿಮೆ ದೂರದಲ್ಲಿ ಜೆಟ್ಟಿಗೂ ಎ.ಟಿ.ಆರ್.ಗೂ ಇರುವ ವ್ಯತ್ಯಾಸ ಹದಿನೈದು ಇಪ್ಪತ್ತು ನಿಮಿಷವನ್ನು ಮೀರುವುದಿಲ್ಲ. ಯಾವ ಬಗೆಯ ವಿಮಾನ ಎಂದು ನೋಡಿ ಟಿಕೆಟ್ ಆರಿಸುವ ಅಗತ್ಯ ಈ ಮಾರ್ಗದಲ್ಲಿ ಇಲ್ಲ.

ಮನೆಯಿಂದ ಮನೆಗೆ: ಕಲಬುರಗಿಯ ಲೆಕ್ಕ

ಸೂಪರ್ ಮಾರ್ಕೆಟ್ಟಿನ ಆಸುಪಾಸಿನಲ್ಲಿರುವವರನ್ನು ತೆಗೆದುಕೊಳ್ಳೋಣ. ಸೇಡಂ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಸುಮಾರು 14 ಕಿಲೋಮೀಟರ್, ಅರ್ಧ ಗಂಟೆ. ದೇಶದೊಳಗಿನ ಪ್ರಯಾಣಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅಲ್ಲಿಗೆ ಒಂದೂವರೆ ಗಂಟೆ ಮುಂಚೆ ತಲುಪಿರಬೇಕು. ಹಾರಾಟ ಒಂದು ಗಂಟೆ ಹತ್ತು ನಿಮಿಷದಿಂದ ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಇಳಿದು, ಬಸ್ಸಿನಲ್ಲಿ ಟರ್ಮಿನಲ್ ತಲುಪಿ, ಬ್ಯಾಗು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿಲೋಮೀಟರ್. ಹೆಬ್ಬಾಳದ ದಟ್ಟಣೆಯನ್ನು ಅವಲಂಬಿಸಿ ಒಂದು ಗಂಟೆಯಿಂದ ಎರಡು ಗಂಟೆ. ಬಿ.ಎಂ.ಟಿ.ಸಿ.ಯ ವಾಯು ವಜ್ರ ಬಸ್ಸುಗಳು ನಗರದ ಬಹುತೇಕ ಕಡೆಗೆ ಹೋಗುತ್ತವೆ. ಒಬ್ಬರೇ ಹೋಗುವವರಿಗೆ ಟ್ಯಾಕ್ಸಿಗಿಂತ ಅವು ಬಹಳ ಅಗ್ಗ. ಎಲ್ಲ ಕೂಡಿದರೆ ಐದು ಗಂಟೆ, ದಟ್ಟಣೆ ಹೆಚ್ಚಿದ್ದರೆ ಆರು. ಒಂದು ಗಂಟೆಯ ಹಾರಾಟ ಎಂದುಕೊಂಡದ್ದು ಹೀಗೆ ಐದು ಗಂಟೆಯ ಪ್ರಯಾಣವಾಗುತ್ತದೆ. ಆದರೂ ಬೇರೆ ಎಲ್ಲ ದಾರಿಗಳಿಗಿಂತ ಇದೇ ಬೇಗ ಎಂಬುದರಲ್ಲಿ ಅನುಮಾನವಿಲ್ಲ.

ವಂದೇ ಭಾರತ್ ರೈಲು ಕಲಬುರಗಿಯಿಂದ 2024ರ ಮಾರ್ಚ್‌ನಲ್ಲಿ ಆರಂಭವಾಯಿತು. ವಾರಕ್ಕೆ ಆರು ದಿನ ಮುಂಜಾನೆ ಹೊರಟು ಎಂಟರಿಂದ ಒಂಬತ್ತು ಗಂಟೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತಲುಪುತ್ತದೆ. ಮಧ್ಯಾಹ್ನ ಅಲ್ಲಿಂದ ಹೊರಟು ರಾತ್ರಿ ಕಲಬುರಗಿಗೆ ಮರಳುತ್ತದೆ. ಇದನ್ನು ವಿಮಾನದ ಜೊತೆ ಹೋಲಿಸುವಾಗ ಜನ ಒಂಬತ್ತು ಗಂಟೆಯನ್ನು ಒಂದು ಗಂಟೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಮೇಲಿನ ಲೆಕ್ಕದ ಪ್ರಕಾರ ನಿಜವಾದ ಹೋಲಿಕೆ ಹತ್ತು ಗಂಟೆಗೂ ಐದೂವರೆ ಗಂಟೆಗೂ. ನಾಲ್ಕೂವರೆ ಗಂಟೆಯ ಉಳಿತಾಯಕ್ಕೆ ಎಷ್ಟು ಹಣ ಕೊಡಬಹುದು ಎಂಬುದು ಅವರವರ ಕೆಲಸಕ್ಕೆ ಬಿಟ್ಟದ್ದು. ಉತ್ತರ ಬೆಂಗಳೂರಿನಲ್ಲಿ ಮನೆಯಿರುವವರು ಯಲಹಂಕದಲ್ಲೇ ಇಳಿದುಬಿಟ್ಟರೆ ಇನ್ನೂ ಒಂದು ಗಂಟೆ ಉಳಿಯುತ್ತದೆ. ವಯಸ್ಸಾದವರಿಗೆ ಹಗಲು ಪ್ರಯಾಣ, ಸ್ವಚ್ಛವಾದ ಶೌಚಾಲಯ, ಕುಳಿತಲ್ಲಿಗೆ ಊಟ ಇವುಗಳಿಗಾಗಿ ನಾನು ಇದನ್ನು ಮನಃಪೂರ್ವಕವಾಗಿ ಹೇಳುತ್ತೇನೆ. ಬೆನ್ನು ನೋವಿರುವವರು ಮಾತ್ರ ಅಷ್ಟು ಹೊತ್ತು ಕುಳಿತೇ ಇರಬೇಕೆಂಬುದನ್ನು ಗಮನಿಸಬೇಕು.

ಆದರೆ ವಿಧಾನಸೌಧದಲ್ಲೋ ಬಹುಮಹಡಿ ಕಟ್ಟಡದಲ್ಲೋ ಒಂದು ದಿನದ ಕೆಲಸವಿರುವವರಿಗೆ ವಂದೇ ಭಾರತ್ ಹೊಂದುವುದಿಲ್ಲ. ಮಧ್ಯಾಹ್ನ ಇಳಿದು ಕಚೇರಿ ತಲುಪುವ ಹೊತ್ತಿಗೆ ಸಾಹೇಬರು ಎದ್ದು ಹೋಗಿರುತ್ತಾರೆ, ಅಲ್ಲೇ ಉಳಿಯಬೇಕಾಗುತ್ತದೆ, ಲಾಡ್ಜಿನ ಖರ್ಚು ಬೀಳುತ್ತದೆ. ನಡು ಹಗಲಿನಲ್ಲಿ ಹಾರುವ ವಿಮಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ವಿಮಾನ ಐದು ಗಂಟೆಯಲ್ಲಿ ತಲುಪಿಸಿದರೂ ಅದು ಹೊರಡುವ ಹೊತ್ತು ಅನುಕೂಲವಾಗಿಲ್ಲದಿದ್ದರೆ ಇಡೀ ದಿನವೇ ಹೋಗುತ್ತದೆ. ಟಿಕೆಟ್ ನೋಡುವಾಗ ಹಾರಾಟದ ಅವಧಿಗಿಂತ ಮೊದಲು ಹೊರಡುವ ಹೊತ್ತನ್ನು ನೋಡಿ.

ಒಂದು ದಿನದ ಕೆಲಸಕ್ಕೆ ಈಗಲೂ ರಾತ್ರಿ ರೈಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್, ಸೊಲ್ಲಾಪುರದಿಂದ ಬರುವ ಹಾಸನ ಎಕ್ಸ್‌ಪ್ರೆಸ್‌ಗಳನ್ನು ಸಂಜೆ ಅಥವಾ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೇವೆ. ಹತ್ತರಿಂದ ಹದಿಮೂರು ಗಂಟೆಯ ಪ್ರಯಾಣ ಕಾಗದದ ಮೇಲೆ ಎಲ್ಲಕ್ಕಿಂತ ಉದ್ದವಾಗಿ ಕಂಡರೂ ಅದರಲ್ಲಿ ಏಳು ಗಂಟೆ ನಿದ್ದೆಗೆ ಹೋಗುತ್ತದೆ, ಅದು ಮನೆಯಲ್ಲಿದ್ದರೂ ಹೋಗುತ್ತಿದ್ದ ಹೊತ್ತೇ. ಬೆಳಿಗ್ಗೆ ಇಳಿದು, ಕೆಲಸ ಮುಗಿಸಿ, ಅದೇ ರಾತ್ರಿ ಹೊರಟರೆ ಮರುದಿನ ಬೆಳಿಗ್ಗೆ ಊರಿನಲ್ಲಿ. ಲಾಡ್ಜಿನ ಖರ್ಚೂ ಉಳಿಯುತ್ತದೆ. ಈ ರೈಲುಗಳು ಇಳಿಸುವ ಜಾಗವೂ ಒಳ್ಳೆಯದು: ಉದ್ಯಾನ್ ಮೆಜೆಸ್ಟಿಕ್ಕಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ, ಹಾಸನ ಎಕ್ಸ್‌ಪ್ರೆಸ್ ಯಶವಂತಪುರಕ್ಕೆ ಹೋಗುತ್ತವೆ. ಎರಡೂ ಕಡೆ ಮೆಟ್ರೊ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಬೈಯಪ್ಪನಹಳ್ಳಿಯ ಟರ್ಮಿನಲ್ಲಿಗೆ ಆ ಸೌಕರ್ಯ ಅಷ್ಟು ಸಲೀಸಾಗಿಲ್ಲ, ಆಟೊ ಹಿಡಿಯಬೇಕಾಗುತ್ತದೆ.

ರೈಲಿನ ತೊಂದರೆ ಟಿಕೆಟ್ ಸಿಗುವುದರಲ್ಲಿದೆ. ಈ ರೈಲುಗಳೆಲ್ಲ ದೂರದಿಂದ ತುಂಬಿಕೊಂಡು ಬರುತ್ತವೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 60 ದಿನಕ್ಕೆ ಇಳಿದಿದೆ; ದೀಪಾವಳಿ, ಶರಣಬಸವೇಶ್ವರ ಜಾತ್ರೆ, ಬೇಸಿಗೆ ರಜೆಯ ದಿನಗಳಿಗೆ ಬುಕಿಂಗ್ ತೆರೆದ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ತತ್ಕಾಲ್ ಹಿಂದಿನ ದಿನ ಎ.ಸಿ. ದರ್ಜೆಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ ತೆರೆಯುತ್ತದೆ. ಹಿರಿಯ ನಾಗರಿಕರ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಗಿದೆ, ಆದರೆ 60 ದಾಟಿದ ಪುರುಷರಿಗೂ 45 ದಾಟಿದ ಮಹಿಳೆಯರಿಗೂ ಸೀಟು ಲಭ್ಯವಿದ್ದರೆ ಕೆಳಗಿನ ಬರ್ತ್ ತಾನಾಗಿಯೇ ಸಿಗುವ ವ್ಯವಸ್ಥೆ ಇದೆ. ವಯಸ್ಸನ್ನು ಸರಿಯಾಗಿ ನಮೂದಿಸಬೇಕು.

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೇವರ್ಗಿ, ಶಹಾಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು ದಾರಿಯಾಗಿ 600 ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣಕ್ಕೆ ಹನ್ನೊಂದರಿಂದ ಹದಿಮೂರು ಗಂಟೆ ಬೇಕು. ರೈಲು ಆಂಧ್ರದ ಗುಂತಕಲ್ಲು, ಅನಂತಪುರದ ಮೂಲಕ ನೇರ ದಕ್ಷಿಣಕ್ಕೆ ಇಳಿದರೆ ರಸ್ತೆ ಪಶ್ಚಿಮಕ್ಕೆ ಬಳಸಿಕೊಂಡು ಬರುವುದರಿಂದ ಈ ದೂರ ಹೆಚ್ಚಾಗುತ್ತದೆ. ಬಸ್ಸಿನ ದೊಡ್ಡ ಗುಣವೆಂದರೆ ಹೊರಡುವ ದಿನವೂ ಸೀಟು ಸಿಗುವುದು. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಸ್ಲೀಪರ್ ಬಸ್ಸುಗಳಾದ ಅಮೋಘವರ್ಷ, ಕಲ್ಯಾಣ ರಥಗಳಲ್ಲಿ ಮಲಗಿಕೊಂಡು ಹೋಗಬಹುದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಈ ಸ್ಲೀಪರ್‌ಗಳಿಗೆ ಇಲ್ಲ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ಹಣದ ಲೆಕ್ಕವೊಂದೇ ಮುಖ್ಯವಾದ ಮಹಿಳೆಯರಿಗೆ ಇದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ. ಕುಳಿತು ಕಳೆಯುವ ರಾತ್ರಿಯ ಆಯಾಸವನ್ನು ತಡೆದುಕೊಳ್ಳಬೇಕಷ್ಟೆ.

ಬೀದರಿನವರಿಗೆ ವಿಮಾನದ ಬೆಲೆ ಬೇರೆ

ಬೀದರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ರೈಲುಗಳಲ್ಲಿ ಕೆಲವು ಜಹೀರಾಬಾದ್, ವಿಕಾರಾಬಾದ್, ತಾಂಡೂರಿನ ಕಡೆಯಿಂದ ಸುತ್ತಿಕೊಂಡು ಹೋಗುತ್ತವೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗದಲ್ಲಿ ಹುಮನಾಬಾದಿನ ಮೂಲಕ ಹೋಗುವ ರೈಲುಗಳೂ ಇವೆ. ಯಾವ ಕಡೆಯಿಂದ ಹೋದರೂ ಹದಿಮೂರು ಹದಿನಾಲ್ಕು ಗಂಟೆ. ಆಕಾಶದಲ್ಲಿ ಮಾತ್ರ ದೂರ 520 ಕಿಲೋಮೀಟರ್, ಟಿಕೆಟ್ಟಿನ ಪ್ರಕಾರ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಕಲಬುರಗಿಗಿಂತ ಹಾರಾಟ ಹತ್ತು ನಿಮಿಷ ಹೆಚ್ಚಾದರೆ ನೆಲದ ಮೇಲೆ ಎರಡು ಮೂರು ಗಂಟೆ ಹೆಚ್ಚು. ನಿಲ್ದಾಣವೂ ಊರಿಗೆ ಅಂಟಿಕೊಂಡೇ ಇದೆ. ಹಾಗಾಗಿ ವಿಮಾನದಿಂದ ಉಳಿಯುವ ಹೊತ್ತು ಮೂರು ಜಿಲ್ಲೆಗಳಲ್ಲಿ ಬೀದರಿನವರಿಗೇ ಅತಿ ಹೆಚ್ಚು. ಶಂಷಾಬಾದ್ ನಿಲ್ದಾಣದ ಒಪ್ಪಂದದಲ್ಲಿದ್ದ 150 ಕಿಲೋಮೀಟರ್ ಅಂತರದ ಷರತ್ತಿನಿಂದಾಗಿ ಬೀದರ್ ವರ್ಷಗಟ್ಟಲೆ ಕಾಯಬೇಕಾಯಿತು ಎಂಬುದನ್ನು ನೆನೆದರೆ, ಇಲ್ಲಿನ ಜನ ಈ ಸೇವೆಗಾಗಿ ಅಷ್ಟು ಒತ್ತಾಯಿಸುವುದು ಸಹಜವಾಗಿಯೇ ಕಾಣುತ್ತದೆ. ಸೂರ್ಯಕಿರಣ ತಂಡದ ನೆಲೆಯೂ ಆಗಿರುವ ಈ ವಾಯುಪಡೆಯ ತಾಣದಲ್ಲಿ ತರಬೇತಿ ಹಾರಾಟಗಳಿಗೆ ಹೊಂದಿಕೊಂಡೇ ನಾಗರಿಕ ವಿಮಾನಗಳು ಬಂದು ಹೋಗಬೇಕು, ಫೋಟೊ ತೆಗೆಯುವುದಕ್ಕೂ ನಿಷೇಧವಿದೆ.

ಬೀದರಿನವರಿಗೆ ಇನ್ನೊಂದು ದಾರಿಯೂ ಉಂಟು: ಜಹೀರಾಬಾದಿನ ಮೂಲಕ ರಾಷ್ಟ್ರೀಯ ಹೆದ್ದಾರಿ 65 ಹಿಡಿದು, ಹೈದರಾಬಾದಿನ ಹೊರ ವರ್ತುಲ ರಸ್ತೆಯಿಂದ ನೇರ ಶಂಷಾಬಾದಿಗೆ ಹೋಗುವುದು. ನಗರದೊಳಗೆ ಹೋಗಬೇಕಿಲ್ಲ, ಸುಮಾರು 150 ಕಿಲೋಮೀಟರ್, ಮೂರು ಗಂಟೆ. ಅಲ್ಲಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ. ಬಾಗಿಲಿನಿಂದ ಬಾಗಿಲಿಗೆ ಎಂಟು ಗಂಟೆಯಾದರೂ ರೈಲಿಗಿಂತ ಬೇಗ, ಮತ್ತು ಒಂದು ವಿಮಾನ ತಪ್ಪಿದರೆ ಇನ್ನೊಂದು ಇರುತ್ತದೆ.

ಯಾದಗಿರಿಯವರು ಏನು ಮಾಡಬೇಕು

ಯಾದಗಿರಿಯಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಸುಮಾರು 80 ಕಿಲೋಮೀಟರ್, ಅದೂ ಉತ್ತರಕ್ಕೆ. ದಕ್ಷಿಣಕ್ಕೆ ಹೋಗಬೇಕಾದವರು ಎರಡು ಗಂಟೆ ಉತ್ತರಕ್ಕೆ ಹೋಗಿ, ವಿಮಾನ ಹತ್ತಿ, ಮತ್ತೆ ಯಾದಗಿರಿಯ ಹತ್ತಿರದಲ್ಲೇ ಹಾರಿಕೊಂಡು ಬೆಂಗಳೂರಿಗೆ ಹೋದಂತಾಗುತ್ತದೆ. ಎಲ್ಲ ಸೇರಿ ಏಳು ಗಂಟೆ. ಯಾದಗಿರಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ, ಕಲಬುರಗಿಗಿಂತ ರೈಲಿನ ದೂರ 75 ಕಿಲೋಮೀಟರಿನಷ್ಟು ಕಡಿಮೆ, ರಾತ್ರಿ ರೈಲುಗಳು ಅಲ್ಲಿಯೂ ನಿಲ್ಲುತ್ತವೆ. ಯಾದಗಿರಿಯಿಂದ ಬೆಂಗಳೂರಿಗೆ ವಿಮಾನದ ಯೋಚನೆಯನ್ನೇ ಬಿಡಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ರೋಗಿಗಳನ್ನು ಕರೆದೊಯ್ಯುವವರಿಗೆ

ಈ ಭಾಗದಿಂದ ಬೆಂಗಳೂರಿಗೆ ಹೋಗುವವರಲ್ಲಿ ಕಿದ್ವಾಯಿಗೋ ನಿಮ್ಹಾನ್ಸ್‌ಗೋ ಹೋಗುವ ಕುಟುಂಬಗಳು ಬಹಳ. ಅವರು ಹೊತ್ತಿನ ಲೆಕ್ಕವೊಂದನ್ನೇ ನೋಡಿ ವಿಮಾನವನ್ನು ಆರಿಸಬಾರದು. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಮೆಟ್ಟಿಲು ಹತ್ತಿಯೇ ಹೋಗಬೇಕು, ಸ್ಟ್ರೆಚರ್ ಇಡುವ ಜಾಗ ಅವುಗಳಲ್ಲಿ ಸಿಗುವುದು ಕಷ್ಟ. ಗಾಲಿಕುರ್ಚಿ ಬೇಕಾದರೆ ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಬೇಕು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ ವಿಮಾನದಲ್ಲಿ ಹೋಗಬಹುದೆಂಬ ವೈದ್ಯರ ಪತ್ರ ಬೇಕಾಗುತ್ತದೆ. ರೈಲಿನಲ್ಲಿ ಮಲಗಿಕೊಂಡು ಹೋಗಬಹುದು. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗಿಬರಲು ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ಣ ದರ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ತರಬೇಕು. ಇಷ್ಟು ದೊಡ್ಡ ಸೌಲಭ್ಯ ಇದೆಯೆಂದೇ ತಿಳಿಯದೆ ಸಾಲ ಮಾಡಿ ಟಿಕೆಟ್ ತೆಗೆಯುವವರಿದ್ದಾರೆ. ಪರಿಚಯದವರಿಗೆ ದಯವಿಟ್ಟು ತಿಳಿಸಿ. ಹೃದಯದ ಚಿಕಿತ್ಸೆಯಾದರೆ ಕಲಬುರಗಿಯಲ್ಲೇ ಜಯದೇವ ಸಂಸ್ಥೆಯ ಆಸ್ಪತ್ರೆ ಇರುವುದರಿಂದ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಎಲ್ಲರಿಗೂ ಸೇರಿದ್ದು. ದಿನಕ್ಕೆ ಒಂದೇ ವಿಮಾನ, ಅಥವಾ ವಾರಕ್ಕೆ ಕೆಲವೇ ದಿನ ಹಾರುವ ವಿಮಾನವಿರುವ ಮಾರ್ಗದಲ್ಲಿ ಅದು ರದ್ದಾದರೆ ಹಣ ಮರಳಿ ಬರುತ್ತದೆಯೇ ಹೊರತು ದಿನ ಮರಳಿ ಬರುವುದಿಲ್ಲ. ಸಂದರ್ಶನ, ಪ್ರವೇಶ ಪ್ರಕ್ರಿಯೆ, ಶಸ್ತ್ರಚಿಕಿತ್ಸೆಯ ದಿನಾಂಕ ಇಂಥವುಗಳಿಗೆ ಹಿಂದಿನ ರಾತ್ರಿಯ ರೈಲಿನಲ್ಲಿ ಹೊರಡುವುದು ಅಥವಾ ಒಂದು ದಿನ ಮುಂಚಿನ ವಿಮಾನ ಹಿಡಿಯುವುದು ಸುರಕ್ಷಿತ.

ಬೆಂಗಳೂರಿನಿಂದ ಮುಂದಕ್ಕೆ ಹೋಗುವವರಿಗೆ

ಕಲಬುರಗಿಯಿಂದ ಹೈದರಾಬಾದಿನ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಹಾರುವುದು ಲಾಭವೇ ಎಂದು ಕೇಳುವವರಿದ್ದಾರೆ. ಶಂಷಾಬಾದಿನಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 455 ಕಿಲೋಮೀಟರ್, ಕಲಬುರಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಐದು ಗಂಟೆಯ ರಸ್ತೆ ಪ್ರಯಾಣದ ಮೇಲೆ ಅಷ್ಟೇ ದೂರ ಹಾರಿದರೆ ವಂದೇ ಭಾರತ್ ರೈಲಿನಷ್ಟೇ ಹೊತ್ತು ಹಿಡಿಯುತ್ತದೆ. ಬೆಂಗಳೂರಿಗೆ ಅದು ಬೇಡ.

ದೆಹಲಿಗೆ ಹೋಗುವವರ ಲೆಕ್ಕ ಇದಕ್ಕೆ ತದ್ವಿರುದ್ಧ. ಕಲಬುರಗಿಯಿಂದ ದೆಹಲಿಗೆ ನೇರ ಗೆರೆಯಲ್ಲಿ ಸುಮಾರು 1,250 ಕಿಲೋಮೀಟರ್. ಬೆಂಗಳೂರಿನ ಮೂಲಕ ಹೋದರೆ 460 ಕಿಲೋಮೀಟರ್ ದಕ್ಷಿಣಕ್ಕೆ ಇಳಿದು, ಮತ್ತೆ 1,700 ಕಿಲೋಮೀಟರ್ ಉತ್ತರಕ್ಕೆ ಹಾರಬೇಕು. ಹೈದರಾಬಾದಿನಿಂದ ದೆಹಲಿಗೆ 1,260ರ ಸುಮಾರು, ಹಾರಾಟ ಎರಡೂಕಾಲು ಗಂಟೆ. ದೆಹಲಿಗೂ ಕೊಲ್ಲಿ ದೇಶಗಳಿಗೂ ಹೋಗುವವರಿಗೆ ಕಲಬುರಗಿಯಿಂದ ವಾಡಿ, ತಾಂಡೂರಿನ ಮೂಲಕ ರೈಲಿನಲ್ಲೋ ಟ್ಯಾಕ್ಸಿಯಲ್ಲೋ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದೇ ಸರಿಯಾದ ದಾರಿ. ಬೆಂಗಳೂರಿನ ಮೂಲಕವೇ ಹೋಗಬೇಕಾಗಿ ಬಂದರೆ ಎರಡು ವಿಮಾನಗಳನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಬೇರೆಬೇರೆಯಾಗಿ ಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರು ಯಾರೂ ಇರುವುದಿಲ್ಲ, ಬ್ಯಾಗನ್ನೂ ನಾವೇ ಹೊರಗೆ ತಂದು ಮತ್ತೆ ಕೌಂಟರಿನಲ್ಲಿ ಕೊಡಬೇಕಾಗುತ್ತದೆ. ಹಾಗೆ ಬೇರೆ ಟಿಕೆಟ್ಟುಗಳೇ ಅನಿವಾರ್ಯವಾದರೆ ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ ಇಟ್ಟುಕೊಳ್ಳಿ. ಸಣ್ಣ ವಿಮಾನಗಳಲ್ಲಿ ಸಾಮಾನಿನ ಮಿತಿ ದೊಡ್ಡ ವಿಮಾನಗಳಿಗಿಂತ ಕಡಿಮೆ ಇರಬಹುದು. ಎರಡೂ ಟಿಕೆಟ್ಟುಗಳಲ್ಲಿ ಬರೆದಿರುವ ಕಿಲೋ ಮಿತಿಯನ್ನು ನೋಡಿ, ಕಡಿಮೆ ಇರುವುದಕ್ಕೆ ತಕ್ಕಂತೆ ಬ್ಯಾಗು ಕಟ್ಟಿಕೊಳ್ಳಿ.